ಹಟ್ಟಿಕೇರಿ ಮಾಬ್ಲಣ್ಣನ ಸಾಚಾ ಸೋಲು

ಭೀಮಸೇನನ ಕೈಯಲ್ಲಿ ಗದೆ ಇತ್ತು, ಅರ್ಜುನನ ಕೈಯಲ್ಲಿ ಗಾಂಡೀವ ಇತ್ತು, ಹಟ್ಟಿಕೇರಿಯ ಮಾಬ್ಲೇಶ್ವರ ನಾಯಕನ ಕೈಯಲ್ಲಿ ಕೊಡೆ ಇತ್ತು. ಮೊದಲಿನ ಇಬ್ಬರ ಆಯುಧಗಳು ಕೊನೆಗೆ ಎಲ್ಲಿ ಹೋದವೆಂದು ನಮಗೆ ಗೊತ್ತಿಲ್ಲ. ಮಾಬ್ಲಣ್ಣನ ಕೊಡೆ ಮಾತ್ರ ಇಪ್ಪತ್ತು ವರ್ಷ ಬಾಳಿತು. ಅದರ ಬಟ್ಟೆ ಮೂರು ಸಲ ಬದಲಾಯಿತು, ಕಡ್ಡಿಗಳು ಎರಡು ಸಲ, ಹಿಡಿಕೆ ಒಂದು ಸಲ. ಆದರೂ ಅದು ಅದೇ ಕೊಡೆ ಎಂದು ಅಂಕೋಲೆಯಿಂದ ಕಾರವಾರದವರೆಗೆ ಎಲ್ಲರೂ ಒಪ್ಪಿದ್ದರು.

ಕುಸ್ತಿ ಹಿಡಿಸುವವನು ತಾನೂ ಒಂದಿಷ್ಟು ದಪ್ಪಗಿರಬೇಕೆಂದು ಲೋಕ ಬಯಸುತ್ತದೆ. ಮಾಬ್ಲಣ್ಣ ಲೋಕದ ಈ ಆಸೆಯನ್ನು ಪೂರೈಸಲಿಲ್ಲ. ಅವನು ಕೊಡೆಯ ಪಕ್ಕದಲ್ಲಿ ನಿಂತರೆ ಯಾರು ಯಾರಿಗೆ ಆಸರೆ ಎಂದು ದೂರದಿಂದ ತಿಳಿಯುತ್ತಿರಲಿಲ್ಲ. ತೋಳಿನಲ್ಲಿ ಮಾಂಸವಿಲ್ಲ, ಎದೆಯಲ್ಲಿ ಎಣಿಸಬಹುದಾದ ಎಲುಬುಗಳು, ಇವುಗಳ ಮೇಲೆ ಮಾತ್ರ ಇಡೀ ತಾಲೂಕಿಗೆ ಸಾಕಾಗುವಂಥ ಮೀಸೆ. ಜೀವನದಲ್ಲಿ ಒಮ್ಮೆಯೂ ಲಂಗೋಟಿ ಬಿಗಿದು ಅಖಾಡಕ್ಕೆ ಇಳಿದವನಲ್ಲ. ಆದರೆ ಸಾವಿರ ಕುಸ್ತಿಗಳನ್ನು ಅಂಗುಲ ಅಂಗುಲವಾಗಿ ನೋಡಿದ್ದ. ಯಾವ ಪಟ್ಟು ಎಲ್ಲಿ ಹಾಕಬೇಕು, ಎಲ್ಲಿ ಬಿಡಿಸಿಕೊಳ್ಳಬೇಕು ಎಂಬುದೆಲ್ಲ ಅವನ ತಲೆಯಲ್ಲಿತ್ತು. ತಲೆಯಿಂದ ಕೆಳಗೆ ಇಳಿಯಲು ಅದಕ್ಕೆ ಜಾಗ ಇರಲಿಲ್ಲ, ಅಷ್ಟೆ.

೧೯೩೨ರಲ್ಲಿ, ಭತ್ತದ ಕೊಯ್ಲು ಮುಗಿದ ಮೇಲೆ, ಅವನು ತನ್ನ ಸ್ವಂತ ಗದ್ದೆಯಲ್ಲಿ ಅಖಾಡ ಅಗೆಸಿದ. ಕೆಂಪು ಮಣ್ಣು ಜರಡಿ ಹಿಡಿಸಿ, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿಸಿದ. ಮನೆಯ ಮಜ್ಜಿಗೆಯ ಕೊಡಗಳು ಒಂದೊಂದಾಗಿ ಗದ್ದೆಯ ಕಡೆ ನಡೆಯುವುದನ್ನು ಅವನ ಹೆಂಡತಿ ಹೊನ್ನಮ್ಮ ಬಾಗಿಲಲ್ಲಿ ನಿಂತು ನೋಡಿದಳು.

"ಮಣ್ಣಿಗೆ ಮಜ್ಜಿಗೆ ಆತು. ಇನ್ನು ಉಪ್ಪಿನಕಾಯಿ ಬೇಡ್ವಾ ಅದಕ್ಕೆ?" ಎಂದಳು.

ಅಖಾಡದ ಮೂಲೆಯಲ್ಲಿ ಮಾರುತಿಯ ಪಟ ಇಟ್ಟು, ಕರ್ಪೂರ ಹಚ್ಚಿ, ಸೇರಿದ ಜನರ ಎದುರು ಮಾಬ್ಲಣ್ಣ ಆಣೆ ಮಾಡಿದ. "ಈ ಮಣ್ಣಲ್ಲಿ ಮೊದ್ಲೇ ಮಾತಾಡ್ಕಂಡ ಸುಳ್ಳು ಕುಸ್ತಿ ಒಂದು ನಡೀತು ಅಂದ್ರೆ, ಈ ಕೊಡೆ ಸಮುದ್ರಕ್ಕೆ. ಆಮೇಲೆ ಈ ಮಾಬ್ಲ ಕುಸ್ತಿ ಹಿಡಿಸುದಿಲ್ಲ."

"ಕೊಡೆ ಯಂತಕೆ ಸಮುದ್ರಕ್ಕೆ? ಮಳೆಗಾಲದಲ್ಲಿ ಬೇಕಾತದಲಾ," ಎಂದು ಹೆಂಗಸರ ಸಾಲಿನಿಂದ ಹೊನ್ನಮ್ಮನ ದನಿ ಕೇಳಿತು. ಆದರೆ ಆಣೆ ಆಣೆಯೇ.

ಅವನ ಅಖಾಡದ ಕಾನೂನು ಸರಳವಾಗಿತ್ತು. ಮಾಬ್ಲಣ್ಣ ಕೊಡೆ ಬಿಚ್ಚಿದರೆ ಕುಸ್ತಿ ಶುರು. ಯಾರದೋ ಬೆನ್ನು ಮಣ್ಣಿಗೆ ತಾಗಿ ಚಿತ್ ಆದರೆ ಕೊಡೆ ಮಡಚುತ್ತಾನೆ, ಅಲ್ಲಿಗೆ ಮುಗಿಯಿತು. ಒಮ್ಮೆ ಮಡಚಿದ ಕೊಡೆಯನ್ನು ಅದೇ ಕುಸ್ತಿಗೆ ಮತ್ತೆ ಬಿಚ್ಚಿದ ಉದಾಹರಣೆ ಇಲ್ಲ. ಗೆದ್ದವನು ತಲೆಯ ರುಮಾಲು ಬಿಚ್ಚಿ, ಜೋಳಿಗೆಯಂತೆ ಹಿಡಿದು ಜನರ ನಡುವೆ ಒಂದು ಸುತ್ತು ಬರುತ್ತಾನೆ. ಜನ ಮನಸ್ಸಿಗೆ ಬಂದದ್ದನ್ನು ಅದರಲ್ಲಿ ಹಾಕುತ್ತಾರೆ.

ಎರಡನೆಯ ವರ್ಷ ಘಟ್ಟದ ಮೇಲಿಂದ ಇಬ್ಬರು ಪೈಲವಾನರು ಬಂದರು. ಗುಡುಗಿನಂತೆ ತೊಡೆ ತಟ್ಟಿದರು, ಹುಲಿಗಳಂತೆ ಗುರುಗುಟ್ಟಿದರು. ಆದರೆ ಒಬ್ಬನು ಇನ್ನೊಬ್ಬನನ್ನು ಎತ್ತುವ ಮೊದಲು ಕಿವಿಯಲ್ಲಿ ಏನೋ ಕೇಳಿದ, ಎತ್ತಿಸಿಕೊಳ್ಳುವವನು ತಲೆಯಾಡಿಸಿದ. ಮಾಬ್ಲಣ್ಣ ಕೊಡೆಯನ್ನು ಅವರಿಬ್ಬರ ನಡುವೆ ಚುಚ್ಚಿ ಕುಸ್ತಿ ನಿಲ್ಲಿಸಿದ. ಇಂದಿನ ಟಿಕೇಟಿಗೇ ನಾಳೆ ಬೇರೆ ಜೋಡಿಯ ಕುಸ್ತಿ ನೋಡಬಹುದೆಂದು ಸಾರಿದ. ಚಾಪೆಯ ಬೇಲಿಯ ಕೆಳಗೆ ನುಸುಳಿ ಬಂದ ಹತ್ತಿಪ್ಪತ್ತು ಮಂದಿಗೆ ಇದರಿಂದ ದೊಡ್ಡ ಚಿಂತೆಯಾಯಿತು.

"ಮಾಬ್ಲಣ್ಣ, ನಮ್ಮ ಹತ್ರ ಟಿಕೇಟು ಇಲ್ಲಲಾ. ನಾವು ನಾಳೆ ಹೆಂಗೆ ಬರೂದು?"

"ಇವತ್ತು ಬಂದ ದಾರಿಲೇ ಬನ್ನಿ," ಎಂದ ಮಾಬ್ಲಣ್ಣ.

ಅಂದಿನಿಂದ ನಮ್ಮ ಕಡೆ ಯಾವುದಾದರೂ ಮಾತು ನಿಜವೆಂದು ಒತ್ತಿ ಹೇಳಬೇಕಾದರೆ 'ಮಾಬ್ಲಣ್ಣನ ಕುಸ್ತಿಯಷ್ಟು ಸಾಚಾ' ಎನ್ನುವುದು ರೂಢಿಯಾಯಿತು. ತುಪ್ಪ ಮಾರುವವರೂ ಇದನ್ನು ಬಳಸತೊಡಗಿದಾಗ ಮಾಬ್ಲಣ್ಣ ಸ್ವಲ್ಪ ನೊಂದುಕೊಂಡ. ಆದರೆ ಅವನ ಆಸ್ತಿ ಅದೊಂದೇ ಮಾತು, ಒಳಗೊಳಗೆ ಅದು ಅವನಿಗೂ ಗೊತ್ತಿತ್ತು.

ಈ ಅಖಾಡದ ರತ್ನ ಶೆಟಗೇರಿಯ ಜಟ್ಟು ಗೌಡ. ಬೆಟ್ಟದಿಂದ ಕಟ್ಟಿಗೆ, ಗದ್ದೆಯಿಂದ ಹೊರೆ ಹೊತ್ತು ಬೆಳೆದ ಮೈ. ಕೆಸರಿನಲ್ಲಿ ಹೂತ ಗಾಡಿಯನ್ನು ಎತ್ತುಗಳ ಮರ್ಯಾದೆ ಹೋಗುವಂತೆ ಒಬ್ಬನೇ ಎತ್ತಿದ್ದ. ಅಖಾಡ ಅಗೆಸಿದಂದಿನಿಂದ ಅವನ ಬೆನ್ನಿಗೆ ಅದರ ಮಣ್ಣಿನ ಪರಿಚಯವೇ ಆಗಿರಲಿಲ್ಲ. ಎದುರಾಳಿಯನ್ನು ಬೀಳಿಸಿದ ಮರುಕ್ಷಣ ಅವನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, "ಪೆಟ್ಟಾತಾ ತಮಾ?" ಎಂದು ಕೇಳುವುದು ಅವನ ಅಭ್ಯಾಸ. ಎಷ್ಟೋ ಪೈಲವಾನರಿಗೆ ಬಿದ್ದದ್ದಕ್ಕಿಂತ ಈ ಪ್ರಶ್ನೆಯೇ ಹೆಚ್ಚು ನೋಯಿಸಿತಂತೆ.

ಅಲೆಕ್ಸಾಂಡರನು ಒಂದು ರಾಜ್ಯದಲ್ಲಿ ತೃಪ್ತನಾಗಲಿಲ್ಲ, ಮಾಬ್ಲಣ್ಣನೂ ಆಗಲಿಲ್ಲ. ೧೯೩೫ರಲ್ಲಿ ಏನೋ ಕೆಲಸಕ್ಕೆ ಕಾರವಾರಕ್ಕೆ ಹೋದವನು, ಕಡಲತೀರದ ಬಯಲಿನಲ್ಲಿ ಯುವಕರು ಚೆಂಡು ಒದೆಯುವುದನ್ನೂ, ಸುತ್ತ ಐನೂರು ಜನ ಬಿಸಿಲಿನಲ್ಲಿ ನಿಂತು ನೋಡುವುದನ್ನೂ ಕಂಡ. ಐನೂರು ಜನ, ಬೇಲಿಯಿಲ್ಲ, ಟಿಕೇಟಿಲ್ಲ. ಈ ಅನ್ಯಾಯ ಅವನಿಗೆ ಸಹಿಸಲಾಗಲಿಲ್ಲ. ಒಂದು ತಿಂಗಳೊಳಗೆ ತನ್ನ ಹನ್ನೊಂದು ಪೈಲವಾನರನ್ನು ಕೂಡಿಸಿ ಫುಟ್‌ಬಾಲ್ ಸಂಘ ಕಟ್ಟಿದ, ಕಾರವಾರದ ಹುಡುಗರಿಗೆ ಸವಾಲು ಹಾಕಿದ, ಬಯಲಿನ ಸುತ್ತ ಚಾಪೆಯ ಬೇಲಿ ಎಬ್ಬಿಸಿದ.

ಆಟದ ದಿನ ಕಾರವಾರಕ್ಕೆ ಕಾರವಾರವೇ ಬಂದಿತ್ತು. ಮೊದಲು ನಮ್ಮ ಪೈಲವಾನರು ಅಖಾಡದ ಶಾಸ್ತ್ರದಂತೆ ನೆಲ ಮುಟ್ಟಿ ನಮಸ್ಕರಿಸಿ, ಒಂದೊಂದು ಹಿಡಿ ಮರಳು ತೆಗೆದು ಎದುರಾಳಿಗಳ ಭುಜಕ್ಕೆ ಗೌರವದಿಂದ ಎರಚಿದರು. ಕಾರವಾರದವರು ಹೊಸದಾಗಿ ಇಸ್ತ್ರಿ ಮಾಡಿಸಿದ ಅಂಗಿಗಳನ್ನು ತೊಟ್ಟಿದ್ದರು. ಅವರಿಗೆ ಇದರಲ್ಲಿ ಗೌರವ ಕಾಣಲಿಲ್ಲ. ರೆಫ್ರಿ ಎರಡೂ ಕಡೆಯವರನ್ನು ಸಮಾಧಾನಪಡಿಸಿ ಸೀಟಿ ಊದಿದ. ಮಾಬ್ಲಣ್ಣ ಗೆರೆಯ ಆಚೆ ಕುರ್ಚಿ ಹಾಕಿಸಿಕೊಂಡು, ಬಿಸಿಲಿಗೆಂದು ಕೊಡೆ ಬಿಚ್ಚಿ ಕುಳಿತ.

ಐದೇ ನಿಮಿಷ. ಚೆಂಡು ಹೇಗೋ ದಾರಿ ತಪ್ಪಿ ಜಟ್ಟುವಿನ ಕಾಲ ಬಳಿ ಬಂತು. ಜಟ್ಟು ಬರಿಗಾಲಿನಲ್ಲಿ ಒದ್ದ. ಚೆಂಡು, ಅದನ್ನು ಹಿಡಿದ ಗೋಲಿ, ಗೋಲಿಯ ಹಿಂದಿದ್ದ ಬಲೆ ಮೂರೂ ಒಟ್ಟಿಗೆ ಹಿಂದಕ್ಕೆ ಹೋದವು. ಗೋಲು. ಮಾಬ್ಲಣ್ಣ ಆನಂದದಿಂದ ಎದ್ದು ನಿಂತ. ಮತ್ತು ಮೂರು ವರ್ಷದ ಅಭ್ಯಾಸದ ಕೈ, ಯಜಮಾನನ ಅಪ್ಪಣೆಗೆ ಕಾಯದೆ, ಟಪ್ಪೆಂದು ಕೊಡೆ ಮಡಚಿತು.

ಹನ್ನೊಂದು ಪೈಲವಾನರೂ ಅದನ್ನು ನೋಡಿದರು. ಕೊಡೆ ಮಡಚಿದ ಮೇಲೆ ಇನ್ನೇನಿದೆ? ಹನ್ನೊಂದು ರುಮಾಲುಗಳು ಬಿಚ್ಚಿದವು, ಹನ್ನೊಂದು ಜನ ವಿನಯದಿಂದ ಪ್ರೇಕ್ಷಕರ ಸುತ್ತ ಹೊರಟರು. ಇತ್ತ ರೆಫ್ರಿ ಚೆಂಡನ್ನು ನಡುವೆ ಇಟ್ಟು ಸೀಟಿ ಊದಿದ. ಕಾರವಾರದವರು ಮೊದಲು ಅನುಮಾನಿಸಿದರು, ಆಮೇಲೆ ಓಡಿದರು. ಖಾಲಿ ಬಯಲಿನಲ್ಲಿ ಒಂದರ ಮೇಲೊಂದು ಏಳು ಗೋಲು ಹೊಡೆದರು. ಅವುಗಳಲ್ಲಿ ಒಂದನ್ನು ನಮ್ಮ ಬಲೆಯ ಬಳಿ ರುಮಾಲು ಹಿಡಿದು ನಿಂತಿದ್ದ ನಮ್ಮ ಗೋಲಿಯೇ ದಾರಿ ಬಿಟ್ಟು ಒಳಗೆ ಕಳಿಸಿದನಂತೆ. ಮಾಬ್ಲಣ್ಣನಾದರೋ ಮಡಚಿದ ಕೊಡೆಯನ್ನು ಎದೆಗೊತ್ತಿಕೊಂಡು, ಬಿಸಿಲಿನಲ್ಲಿ ಬೆವರುತ್ತ, ಕಲ್ಲಿನಂತೆ ಕುಳಿತಿದ್ದ. ಮತ್ತೆ ಬಿಚ್ಚುವಂತಿಲ್ಲವಲ್ಲ.

ಆಟ ಮುಗಿದ ಮೇಲೆ ಜಟ್ಟು ತುಂಬಿದ ರುಮಾಲನ್ನು ಅವನ ಮುಂದಿಟ್ಟು ಕೇಳಿದ: "ಒಡ್ಯಾ, ನಾವು ಗೆದ್ದಾದ್ಮೇಲೂ ಅವ್ರು ಯಂತಕೆ ಓಡ್ತಾನೇ ಇದ್ರು?"

"ಪಾಪ, ಅವರಿಗೆ ತಿಳೀಲಿಲ್ಲ," ಎಂದ ಮಾಬ್ಲಣ್ಣ. ತಪ್ಪು ತನ್ನ ಕೈಯದೆಂದು ಜಟ್ಟುವಿಗೆ ತಿಳಿಸಿದ್ದು ಬಸ್ಸಿನಲ್ಲಿ, ಅರ್ಧ ದಾರಿ ಕಳೆದ ಮೇಲೆ.

ಕಾರವಾರ ಆ ದಿನ ನಕ್ಕಷ್ಟು ಹಿಂದೆಂದೂ ನಕ್ಕಿರಲಿಲ್ಲ. ಮರುವಾರವೇ ಅಲ್ಲಿನ ನಾಲ್ಕು ವ್ಯಾಪಾರಿಗಳು ಹಟ್ಟಿಕೇರಿಗೆ ಬಂದು ಇನ್ನೊಂದು ಆಟ ಇಡಿಸಬೇಕೆಂದರು. ಹಾಗೇ ಇರಬೇಕು: ಒಂದು ಗೋಲು, ಕೊಡೆ ಮಡಚುವುದು, ರುಮಾಲಿನ ಮೆರವಣಿಗೆ. ಮಾಬ್ಲಣ್ಣ ಅವರಿಗೆ ಎಳನೀರು ಕೊಟ್ಟು, "ಮೊನ್ನೆ ಮಾಡಿದ್ದು ತಪ್ಪು. ಅದನ್ನೇ ಬೇಕಂತ ಮಾಡಿದ್ರೆ ಸುಳ್ಳು," ಎಂದು ಕಳಿಸಿಕೊಟ್ಟ. ಅಂಕೋಲೆಯ ಫುಟ್‌ಬಾಲ್ ಸಾಮ್ರಾಜ್ಯ ಹೀಗೆ ಒಂದೇ ಮಧ್ಯಾಹ್ನ ಆಳಿ ಅಸ್ತಂಗತವಾಯಿತು.

ಎರಡು ವರ್ಷದ ನಂತರ ಮೂರನೆಯ ದಿಗ್ವಿಜಯ. ಕಾರವಾರದಲ್ಲೇ ಹುಟ್ಟಿ ಮುಂಬಯಿ ಸೇರಿದ ಹೇರಂಬರಾವ್ ಎಂಬವರು ಅಲ್ಲಿ ಬೋಲಪಟ, ಅಂದರೆ ಮಾತಾಡುವ ಸಿನೆಮಾ, ತೆಗೆಯುವ ದಿಗ್ದರ್ಶಕರಾಗಿದ್ದರು. ೧೯೩೭ರ ಬೇಸಿಗೆಯಲ್ಲಿ ಅವರು ಕ್ಯಾಮರಾ, ಧ್ವನಿಯಂತ್ರ, ಕಿರೀಟಗಳ ಪೆಟ್ಟಿಗೆ ಮತ್ತು ರಾಜೀವ ಎಂಬ ಹಾಡುವ ನಾಯಕನೊಂದಿಗೆ ಆಗಬೋಟು ಎಂಬ ಹೊಗೆಹಡಗಿನಲ್ಲಿ ಬಂದಿಳಿದರು. ಚಿತ್ರದ ಹೆಸರು 'ಶೂರ ಮಕರಕೇತು'. ಭಾಷೆ ಮರಾಠಿ. ಮಾಬ್ಲಣ್ಣ ಅವರಿಗೆ ದೋಣಿ, ಊಟ, ಬಿಡಾರ ಎಲ್ಲ ಒದಗಿಸುವುದು; ಪ್ರತಿಯಾಗಿ ಪರದೆಯ ಮೇಲೆ ಅವನ ಹೆಸರು ಬರುವುದು, ಕಾರವಾರದಲ್ಲಿ ಅವನ ಸ್ವಂತ ಡೇರೆಯಲ್ಲಿ ಚಿತ್ರದ ಮೊದಲ ಆಟ ನಡೆಯುವುದು. ಡೇರೆಗೆ ಬಟ್ಟೆ ಆಗಲೇ ಹೊಲಿಸಿ ಆಗಿತ್ತು. ಹೊನ್ನಮ್ಮನ ಎರಡು ಬಳೆಗಳು ಅದರ ಕಂಬಗಳಾಗಿದ್ದವು.

ಕಿನ್ನರವೆಂಬ ಊರಿನ ಬಳಿ ಕಾಳಿ ನದಿಯಲ್ಲಿ, ಮಕರಕೇತುವಿನ ವೇಷದ ರಾಜೀವ ದೋಣಿಯಲ್ಲಿ ನಿಂತು ಹಾಡಿದ, ಎರಡು ಸಲ ನೀರಿಗೆ ಬಿದ್ದ. ಎಲ್ಲ ಸುಸೂತ್ರವಾಗಿ ನಡೆಯಿತು. ಕೊನೆಗೆ ಉಳಿದದ್ದು ಒಂದೇ ದೃಶ್ಯ: ನಾಯಕನು ಶತ್ರುರಾಜನ ಮಲ್ಲನನ್ನು ಸಾವಿರ ಜನರ ಎದುರು ಚಿತ್ ಮಾಡುವುದು. ಅದಕ್ಕೆ ಮಾಬ್ಲಣ್ಣನ ಅಖಾಡ, ಮಾಬ್ಲಣ್ಣನ ಜನ, ಮಾಬ್ಲಣ್ಣನ ಜಟ್ಟು. ಮಳೆಗಾಲಕ್ಕೆ ಮುಂಚಿನ ಕೊನೆಯ ಆಗಬೋಟು ಗುರುವಾರ. ಹೇರಂಬರಾವ್ ಬುಧವಾರ ಬೆಳಿಗ್ಗೆ ಹಟ್ಟಿಕೇರಿಯ ಜಗಲಿಯಲ್ಲಿ ಕುಳಿತು, ಜಟ್ಟು ಎಲ್ಲಿ, ಯಾವಾಗ, ಯಾವ ಭಂಗಿಯಲ್ಲಿ ಬೀಳಬೇಕೆಂದು ವಿವರಿಸತೊಡಗಿದರು.

ಮಾಬ್ಲಣ್ಣ ಕೇಳುತ್ತ ಕೇಳುತ್ತ ಬೆಳ್ಳಗಾದ. ಮಲ್ಲಯುದ್ಧ ಇದೆ ಎಂದಷ್ಟೇ ಅವನಿಗೆ ಹೇಳಿದ್ದರು. ಜಟ್ಟು ಎದುರಿಗಿದ್ದ ಮೇಲೆ ಗೆಲ್ಲುವವನು ಯಾರೆಂದು ಅವನು ಕೇಳಿರಲೇ ಇಲ್ಲ.

"ಆಗುದಿಲ್ಲ ರಾಯರೇ."

"ಅರೇ ಮಾಬ್ಲೇಶ್ವರರಾವ್, ಸಿನೆಮಾ ಅಂದ್ರೇ ಎಲ್ಲಾ ಖೋಟೆ ಅಲ್ವಾ? ರಾಜಾ ಖೋಟೆ, ಕಿರೀಟ ಖೋಟೆ, ಆ ರಾಜೀವನ ಕೂದಲು ಸುದ್ದಾ ಖೋಟೆ."

"ಇರ್ಲಿ. ಮಣ್ಣು ನಂದು. ಅದು ಖೋಟೆ ಅಲ್ಲ."

"ಹಾಗಾದ್ರೆ ನಾವು ನಾಳೆ ಡಬ್ಬಾ ಕಟ್ಟಿಕೊಂಡು ಹೋಗೋದೇ. ಮಕರಕೇತು ಗೆಲ್ಲದೆ ಪಿಕ್ಚರ್ ಇಲ್ಲ. ನಿಮ್ಮ ಡೇರೆಯಲ್ಲಿ ನೀವು ಒಣಮೀನು ಒಣಗಿಸಿ."

ಮೆಟ್ಟಿಲ ಮೇಲೆ ಕುಳಿತಿದ್ದ ಜಟ್ಟು ನಿಧಾನವಾಗಿ ಎದ್ದ. "ಒಡ್ಯಾ, ನೀವು ಹೇಳಿದ್ರೆ ನಾ ಬೀಳ್ತೆ. ನಂಗೆ ಬೇಜಾರಿಲ್ಲ."

ಮಾಬ್ಲಣ್ಣ ಅವನ ಮುಖ ನೋಡಲಿಲ್ಲ, ಬೆನ್ನು ನೋಡಿದ. ಐದು ವರ್ಷ ಮಣ್ಣು ಕಾಣದ ಬೆನ್ನು, ಅವನ ಒಂದು ಮಾತಿಗೆ ನೆಲಕ್ಕೆ ತಾಗಲು ತಯಾರಾಗಿ ನಿಂತಿತ್ತು. ಒಂದು ಕಡೆ ಡೇರೆ, ಬಳೆ, ಪರದೆಯ ಮೇಲಿನ ಹೆಸರು; ಇನ್ನೊಂದು ಕಡೆ ಒಂದು ಹಳೆಯ ಕೊಡೆ. ಅವನು ಒಳಗೆ ಹೋದ. ಅಡುಗೆಮನೆಯಲ್ಲಿ ಹೊನ್ನಮ್ಮ ಕಾಯಿ ತುರಿಯುತ್ತಿದ್ದಳು. ಅವಳಿಗೆ ಜಗಲಿಯ ಮಾತೆಲ್ಲ ಕೇಳಿತ್ತು.

"ಆ ಹಾಡು ಹೇಳು ಬೊಂಬಾಯಿಯವ ಖರೇ ಕುಸ್ತಿಯಲ್ಲಿ ಯಾರನ್ನಾದ್ರೂ ಸೋಲಿಸ್ತನಾ?" ಎಂದು ಕೇಳಿದಳು.

"ಜಟ್ಟೂನ್ನ ಇಲ್ಲ. ನನ್ನ ಹುಡುಗ್ರಲ್ಲಿ ಯಾರನ್ನೂ ಇಲ್ಲ."

"ಮತ್ತೆ ಅವ ಸೋಲಿಸುವಂಥವ್ರು ಈ ಊರಲ್ಲಿ ಯಾರಿದ್ರು?" ಎಂದು ಹೊನ್ನಮ್ಮ ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಮತ್ತೆ ಕಾಯಿ ತುರಿಯತೊಡಗಿದಳು.

ಮಹಾಕಾರ್ಯಗಳೆಲ್ಲ ಹೀಗೆಯೇ ಹುಟ್ಟುತ್ತವೆ. ಮಾಬ್ಲಣ್ಣ ಜಗಲಿಗೆ ಬಂದು, ಮಕರಕೇತುವಿನ ಎದುರು ತಾನೇ ಅಖಾಡಕ್ಕೆ ಇಳಿಯುತ್ತೇನೆ ಎಂದ. ಒಂದೇ ಷರತ್ತು: ಇಬ್ಬರೂ ಗೆಲ್ಲಲಿಕ್ಕೇ ಹಿಡಿಯಬೇಕು, ಒಳಮಾತು ಇಲ್ಲ. ಹೇರಂಬರಾವ್ ಅವನ ಎಲುಬುಗಳನ್ನು ನೋಡಿದರು, ಆಕಾಶದ ಮೋಡವನ್ನು ನೋಡಿದರು, ಪಂಚಾಂಗದ ಗುರುವಾರವನ್ನು ನೆನೆದರು. ಮಲ್ಲನ ಬದಲು ಶತ್ರುರಾಜನ ದುಷ್ಟ ಮಂತ್ರಿ ಎಂದು ಕತೆ ತಿದ್ದಿದರು. ಮೀಸೆಯಂತೂ ತಯಾರಿಯೇ ಇತ್ತು.

ಅಂದು ಮಧ್ಯಾಹ್ನ ಅಖಾಡದ ಸುತ್ತ ನಿಂತ ಸಾವಿರ ಜನ, ಲಂಗೋಟಿ ಬಿಗಿದು ಬಂದ ಮಾಬ್ಲಣ್ಣನನ್ನು ಕಂಡು ಮೊದಲು ಗುರುತಿಸಲಿಲ್ಲ, ಕೊಡೆ ಇರಲಿಲ್ಲವಲ್ಲ. ಕೊಡೆ ಜಟ್ಟುವಿನ ಕೈಯಲ್ಲಿತ್ತು.

"ನನ್ನ ಬೆನ್ನು ಮುಟ್ಟಿದ ಕೂಡ್ಲೇ ಮಡಚು," ಎಂದ ಮಾಬ್ಲಣ್ಣ. "ನನ್ನ ಮುಖ ನೋಡ್ಬೇಡ. ಬೆನ್ನು ನೋಡು."

ಜಟ್ಟು ಕೊಡೆ ಬಿಚ್ಚಿದ. ಕ್ಯಾಮರಾ ಗಿರಗಿರನೆ ತಿರುಗಿತು. ರಾಜೀವ ಮುಗುಳ್ನಗುತ್ತ, ಕ್ಯಾಮರಾಕ್ಕೆ ಮುಖದ ಒಳ್ಳೆಯ ಬದಿ ತೋರಿಸುತ್ತ ಮುಂದೆ ಬಂದ. ಆ ಬದಿ ತೋರಿಸಲು ಅವನು ಎಡಗಾಲನ್ನು ಮುಂದಿಟ್ಟದ್ದನ್ನು ಮಾಬ್ಲಣ್ಣ ನೋಡಿದ. ಸಾವಿರ ಕುಸ್ತಿಗಳ ವಿದ್ಯೆ ಮೊದಲ ಸಲ ತಲೆಯಿಂದ ಕೆಳಗಿಳಿಯಿತು. ಬಗ್ಗಿ ಆ ಕಾಲಿನ ಹಿಮ್ಮಡಿ ಹಿಡಿದು ಎಳೆದ. ಮಕರಕೇತು ದಡಾರನೆ ಮಂಡಿಯ ಮೇಲೆ ಬಿದ್ದ. ಜನ ಹುಚ್ಚೆದ್ದರು. ಸದ್ದು ಮಾಡಬಾರದೆಂಬ ಹೇರಂಬರಾಯರ ಕಟ್ಟಪ್ಪಣೆ ಗಾಳಿಗೆ ಹೋಯಿತು.

"ಕಾಲು ಬಿಡ್ಬೇಡ ಮಾಬ್ಲಣ್ಣ!"

"ಸೊಂಟ ಜಾಗ್ರತೆ ಕಾಣಿ!" ಇದು ಹೊನ್ನಮ್ಮ.

ಆಗಲೇ ಆ ಭಯಂಕರ ಕ್ಷಣ ಬಂದದ್ದು. ಮಾಬ್ಲಣ್ಣ ಮೇಲೇರಿ ಮಗುಚಿದ ರಭಸಕ್ಕೆ ರಾಜೀವನ ಒಂದು ಭುಜ ಮಣ್ಣಿಗೆ ತಾಗಿತ್ತು. ಇನ್ನೊಂದು ತಾಗಿದರೆ ಮಾಬ್ಲಣ್ಣ ಗೆದ್ದ; ಗೆದ್ದರೆ ಚಿತ್ರ ಹೋಯಿತು, ಡೇರೆ ಹೋಯಿತು. ಕೈ ಸ್ವಲ್ಪ ಸಡಿಲಿಸಿದರೆ ಸಾಕು, ಯಾರಿಗೂ ತಿಳಿಯುವುದಿಲ್ಲ. ಹೇರಂಬರಾಯರು ತಲೆಯ ಮೇಲೆ ಕೈ ಹೊತ್ತಿದ್ದರು. ಮಾಬ್ಲಣ್ಣ ಕಣ್ಣು ಮುಚ್ಚಿದ, ಹಲ್ಲು ಕಚ್ಚಿದ, ಮತ್ತು ಇದ್ದ ಬದ್ದ ಬಲವನ್ನೆಲ್ಲ ಕೂಡಿಸಿ ಒತ್ತಿದ. ಆ ದಿನ ಅಂಕೋಲೆಯಲ್ಲಿ ತನ್ನ ನಾಶಕ್ಕಾಗಿ ಅಷ್ಟು ಪ್ರಾಮಾಣಿಕವಾಗಿ ದುಡಿದವನು ಇನ್ನೊಬ್ಬನಿರಲಿಲ್ಲ.

ಒತ್ತುವ ಭರದಲ್ಲಿ ಅವನ ಕೈ ಜಾರಿ ರಾಜೀವನ ತಲೆಗೆ ಹೋಯಿತು. ಗುಂಗುರು ಕೂದಲು ಇಡಿಯಾಗಿ ಕಿತ್ತು ಬಂತು. ಸಾವಿರ ಜನ ನಕ್ಕರು. ಅಲ್ಲಿಯವರೆಗೆ ನಟಿಸುತ್ತಿದ್ದ ರಾಜೀವನಿಗೆ ಆಗ ನಿಜವಾದ ಸಿಟ್ಟು ಬಂತು. ಮುಖದ ಬದಿಗಳನ್ನೆಲ್ಲ ಮರೆತು, ಎದ್ದು, ಮಾಬ್ಲಣ್ಣನನ್ನು ಸೊಂಟದಲ್ಲಿ ಹಿಡಿದು, ಗೋಣಿಚೀಲದಂತೆ ಎತ್ತಿ ಒಗೆದ. ಬೆನ್ನು ಪೂರ್ತಿಯಾಗಿ, ಪ್ರಶ್ನೆಗೆ ಎಡೆಯಿಲ್ಲದಂತೆ, ಮಣ್ಣಿಗೆ ತಾಗಿತು.

ಜಟ್ಟು ಬೆನ್ನನ್ನೇ ನೋಡಿದ, ಕೊಡೆ ಮಡಚಿದ. ಆಮೇಲೆ ಓಡಿಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ.

"ಪೆಟ್ಟಾತಾ ಒಡ್ಯಾ?"

"ಆತು," ಎಂದ ಮಾಬ್ಲಣ್ಣ, ಮೀಸೆಯೊಳಗಿಂದ ನಗುತ್ತ. "ಪಸಂದಾಗಿ ಆತು."

'ಶೂರ ಮಕರಕೇತು' ಮುಂಬಯಿಯಲ್ಲಿ ಮೂರು ದಿನ ನಡೆಯಿತು. ಅಂಥ ಶೂರನಿಗೆ ಒಬ್ಬ ಒಣಕಲು ಮಂತ್ರಿಯನ್ನು ಬೀಳಿಸಲು ಅಷ್ಟು ಹೊತ್ತು ಏಕೆ ಬೇಕಾಯಿತು, ಆ ರಾಜ್ಯದ ಪ್ರಜೆಗಳೆಲ್ಲ ಮಾಬ್ಲಣ್ಣ ಎಂದು ಕೂಗುವುದು ಯಾರನ್ನು ಎಂಬುದು ಅಲ್ಲಿನವರಿಗೆ ಬಗೆಹರಿಯಲಿಲ್ಲ. ಮಳೆಗಾಲ ಕಳೆದು ಡಬ್ಬಿಗಳು ಕಾರವಾರಕ್ಕೆ ಬಂದವು. ಡೇರೆ ಮೊದಲ ದಿನವೇ ತುಂಬಿ ಹೊರಗೆ ಚೆಲ್ಲಿತು. ಬೇಲಿಯ ಕೆಳಗಿನಿಂದ ಬರುವವರೂ ತಮ್ಮ ಹಳೆಯ ಜಾಗದಲ್ಲಿ ಬಂದು ಕುಳಿತರು.

ಕುಸ್ತಿಯ ದೃಶ್ಯ ಬಂದಾಗ ಡೇರೆ ಮತ್ತೆ ಹಟ್ಟಿಕೇರಿಯ ಗದ್ದೆಯಾಯಿತು. ಪರದೆಯ ಮೇಲಿನ ಮಾಬ್ಲಣ್ಣನಿಗೆ ಜನ ಹೊಸದಾಗಿ ಬುದ್ಧಿ ಹೇಳಿದರು, ಈ ಸಲವಾದರೂ ಕಾಲು ಬಿಡಬೇಡವೆಂದು ಬೇಡಿಕೊಂಡರು. "ಸೊಂಟ ಜಾಗ್ರತೆ ಕಾಣಿ" ಎಂದು ಯಂತ್ರದಿಂದ ಹೊನ್ನಮ್ಮನ ದನಿ ಬಂದಾಗ ಹೊನ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಾಬ್ಲಣ್ಣ ಹಿಂದಿನಂತೆಯೇ ಬಿದ್ದ. ಪರದೆಯ ಮೂಲೆಯಲ್ಲಿ ಕೊಡೆ ಮಡಚಿತು.

ಜಟ್ಟು ಜನರ ನಡುವಿನಿಂದ ಎದ್ದು, ರುಮಾಲು ಬಿಚ್ಚಿ ಹಿಡಿದು, ಸುತ್ತು ಹೊರಟ. "ಏ ಜಟ್ಟು, ಅದು ಗೆದ್ದವ್ರಿಗೆ ತಿರುಗ್ಸುದು," ಎಂದು ಮಾಬ್ಲಣ್ಣ ಗದರಿಸಿದ.

"ಅವ್ನಿಗೆ ಬೊಂಬಾಯಲ್ಲಿ ತಿರುಗ್ಸಲಿ ಒಡ್ಯಾ. ಇಲ್ಲಿ ಸಾಚಾ ಬಿದ್ದವ್ರು ನೀವು."

ರುಮಾಲು ತುಂಬಿತು. ಕುಸ್ತಿ ಮುಗಿದ ಮೇಲೆ ಉಳಿಯುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಜನರೆಲ್ಲ ಎದ್ದು, ಮಾಬ್ಲಣ್ಣನ ಭುಜ ಮುಟ್ಟಿ, ಮನೆಗೆ ಹೋದರು. ಚಿತ್ರ ಇನ್ನೂ ಒಂದು ಗಂಟೆ ಇತ್ತು. ಮಕರಕೇತು ಖಾಲಿ ಡೇರೆಗೆ ರಾಗವಾಗಿ ಹಾಡತೊಡಗಿದ. ಕೇಳಲು ಉಳಿದವರು ಗಂಡ ಹೆಂಡತಿ ಇಬ್ಬರೇ.

"ನೋಡ್ರಿ, ಅವನ ಕೂದ್ಲು ಮತ್ತೆ ಹುಟ್ಟಿದ್ಯಲಾ," ಎಂದಳು ಹೊನ್ನಮ್ಮ.

"ಅದು ಖೋಟೆ."

"ನಿಮ್ಮ ಸೊಂಟನೋವು?"

ಮಾಬ್ಲಣ್ಣ ಕೊಡೆಯನ್ನು ಊರಿಕೊಂಡು ಬೆಂಚಿನ ಮೇಲೆ ಮೆಲ್ಲಗೆ ಮಗ್ಗುಲು ಬದಲಾಯಿಸಿದ.

"ಸಾಚಾ," ಎಂದ.